ಗಾಜಿನ ಮೇಲಿನ ವೈರಿ

ಮೊನ್ನೆ ಅಣ್ಣನ ಅಳಿಯ ಟಿವಿ ಮುಂದೆ ಕುಳಿತವನು ನನ್ನನ್ನು ಕೂಗಿ ಕರೆದ. "ಅತ್ತಿ, ಬರ್ರಿ ಇಲ್ಲಿ, ಮಜಾ ನೋಡ್ರಿ!" ಟಿವಿಯಲ್ಲಿ ಸಿಪಾಯಿಗಳ ಕಣ್ಣಿಗೆ ಅದೆಂಥದೋ ಕನ್ನಡಕ ಹಾಕಿದ್ದರು. ಎದುರಿಗಿರುವುದು ಬರೀ ಬಯಲು; ಕನ್ನಡಕದೊಳಗೆ ಮಾತ್ರ ಆ ಬಯಲಿನ ಮೇಲೆ ವೈರಿಗಳು ಬಂದು ನಿಲ್ಲುತ್ತಾರಂತೆ. ಗುಂಡಿನ ಖರ್ಚಿಲ್ಲದೆ ಯುದ್ಧ ಕಲಿಯಬಹುದಂತೆ. ನಾಳೆ ಖರೇ ಲಡಾಯಿಗೂ ಅದನ್ನೇ ಹಾಕಿಕೊಂಡು ಹೋಗುತ್ತಾರಂತೆ. "ಹೊಸಾದು ಅತ್ತಿ, ಹೊಸಾದು!" ಎಂದು ಕುಣಿಯುತ್ತಿದ್ದ. ಏನು ಹೊಸದು, ಮಣ್ಣು! ಮನೂರಿನ ಕಡೆಯ ಜೋಳದ ಹೊಲದಲ್ಲಿ ಈ ಆಟ ಎಂದೋ ಆಗಿಹೋಗಿದೆ. ಅದರ ಏಟು ತಿಂದವಳು ನಾನು. ಬಂದ್ ಮಾಡು ಅದನ್ನ ಎಂದು ಗದರಿ ಒಳಗೆ ಬಂದೆ.

ನನ್ನ ಮದುವೆಯಾಗಿ ಆಗ ವರ್ಷವೂ ತುಂಬಿರಲಿಲ್ಲ. ತಾಂಡೂರಿನವಳು ನಾನು, ನಾರಾಯಣಖೇಡದ ಆಚೆ ಮನೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋಗಿದ್ದೆ. ಗಂಡ ಒಳ್ಳೆಯವನೇ ಅನ್ನಿಸಿತ್ತು. ಅತ್ತೆಗೆ ಕಾಣದಂತೆ ನನ್ನ ಬದಲು ಬಾವಿಯಿಂದ ಕೊಡ ಹೊತ್ತು ತರುವಷ್ಟು ಒಳ್ಳೆಯವನು. ಅಷ್ಟರಲ್ಲಿ ಅವನ ಸೋದರಮಾವ ಫೌಜಿನಿಂದ ಪಿಂಚಣಿ ಮೇಲೆ ಊರಿಗೆ ಬಂದ. ಲಡಾಯಿ ನೋಡಿ ಬಂದ ಹವಾಲ್ದಾರ ಅಂತ ಊರಿಗೂರೇ ಅವನ ಸುತ್ತ ನೆರೆಯಿತು. ಅವನ ಗಂಟಲು ಎಷ್ಟು ದೊಡ್ಡದೆಂದರೆ ಮನೆಯಲ್ಲಿ ಬೇರೆಯವರ ಮಾತು ಹುಟ್ಟುತ್ತಲೇ ಸಾಯುತ್ತಿತ್ತು. ಜಹೀರಾಬಾದಿನಲ್ಲಿ ಫೌಜಿನ ಭರ್ತಿ ಇದೆ, ಅಳಿಯನನ್ನು ಸಿಪಾಯಿ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದ. ನನ್ನ ಗಂಡ ಅವತ್ತಿನಿಂದ ಅವನ ನೆರಳಾದ. ಕುಡಿ ಅಂದರೆ ಕುಡಿಯುವುದು, ಕೂಡ್ರು ಅಂದರೆ ಕೂಡ್ರುವುದು. ಈ ಮನುಷ್ಯ ನನ್ನವನೋ, ಮಾವನವನೋ? ನನಗೆ ತಿಳಿಯಬೇಕಾಗಿದ್ದದ್ದು ಅದೊಂದೇ.

ಜೋಳ ತೆನೆ ಬಿಟ್ಟು ಹಾಲುಗಾಳು ಕಟ್ಟುವ ಹೊತ್ತು. ಹೊಲದ ನಡುವೆ ಕಟ್ಟಿಗೆಯ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವುದು ನಮ್ಮ ಕಡೆಯ ಪದ್ಧತಿ. ಹವಾಲ್ದಾರನಿಗೆ ಆ ಅಟ್ಟವೇ ಲಡಾಯಿಯ ಮೋರ್ಚಾ, ವೈರಿಗೆ ಹೊಂಚು ಹಾಕುವ ಠಾಣೆ ಆಯಿತು. "ಫೌಜಿನ್ಯಾಗ ಕತ್ತಲಕೋಲ್ಯಾಗ ಕುಂದ್ರಸ್ತಾರ. ಗ್ವಾಡಿ ಮ್ಯಾಲ ವಿಮಾನದ ಚಿತ್ರ ಓಡಸ್ತಾರ. ತೋಪಿನ ಮುಂದ ಒಂದು ಗಾಜು, ಗಾಜಿನ್ಯಾಗ ಕೈಬಳಿಯಂಗ ದುಂಡಗ ಬೆಳಕಿನ ಬಳಿ. ಬಳಿಯೊಳಗ ದುಶ್ಮನ್ ಬಂದಾಂದ್ರ ಹೊಡಿಯೋದು. ಹಂಗ ನಿನಗೂ ಕಲಿಸ್ತೀನಿ," ಅಂದ. ನನ್ನ ತೀರಿಹೋದ ಅಪ್ಪನ ಒಂದೇ ಒಂದು ಫೋಟೋ ಗೋಡೆ ಮೇಲಿತ್ತು. ಅದರ ಗಾಜು ಕಿತ್ತುಕೊಂಡ. ಕೇಳಲಿಲ್ಲ, ಹೇಳಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಗಂಡ ನೆಲ ನೋಡುತ್ತ ನಿಂತಿದ್ದ.

ಗಾಜಿನ ಮೇಲೆ ದೀಪದ ಕಾಡಿಗೆಯಿಂದ ಬೆರಳುದ್ದದ ಒಬ್ಬ ಮನುಷ್ಯನನ್ನು ಬರೆದ. ಮುಖ ಬರೆಯಲು ಬಾರದ್ದಕ್ಕೆ ತಲೆ ತುಂಬ ಬಟ್ಟೆ ಹೊದಿಸಿದ. ಆ ಗಾಜನ್ನು ಅಟ್ಟದ ಗೂಟಕ್ಕೆ ಕಣ್ಣಿನ ಎತ್ತರಕ್ಕೆ ಕಟ್ಟಿದ. ಅದರೊಳಗಿಂದ ನೋಡಿದರೆ ದೂರದ ಬದುವಿನ ಮೇಲೆ ಒಬ್ಬ ಮುಸುಕು ಹಾಕಿಕೊಂಡು ನಿಂತಂತೆ ಕಾಣುತ್ತಿತ್ತು. ಮಾವ "ಹೊಡಿ" ಎಂದ ಕೂಡಲೇ ಗಂಡ ಅಲ್ಲಿಗೆ ಕವಣೆ ಬೀಸಬೇಕು. ದಿನವಿಡೀ ಅದೇ. ಹಕ್ಕಿಗಳು ಹಾಯಾಗಿ ತೆನೆ ತಿನ್ನುತ್ತಿದ್ದವು. ಗಂಡನ ಕೈ ಮಾತ್ರ ಕುದುರುತ್ತ ಹೋಯಿತು.

ಒಂದು ಮಧ್ಯಾಹ್ನ ಅತ್ತೆ ಬುತ್ತಿ ಕೊಟ್ಟು ಕಳಿಸಿದಳು. ಅದೇ ಬದುವಿನ ಮೇಲೆ ನಾನು ಬರುತ್ತಿದ್ದಂತೆ ಅಟ್ಟದ ಮೇಲೆ ಗಂಡನ ಜೊತೆ ಹವಾಲ್ದಾರನೂ ಕಂಡ. ಗಂಡನ ಸೋದರಮಾವ ಎದುರಿಗಿದ್ದರೆ ಸೊಸೆ ಸೆರಗು ತಲೆ ಮೇಲೆ ಎಳೆದುಕೊಂಡು, ಮುಖ ತಿರುಗಿಸಿ, ಅವನು ಅತ್ತ ಸರಿಯುವ ತನಕ ನಿಂತಲ್ಲೇ ನಿಲ್ಲಬೇಕು. ನಾನೂ ಹಾಗೇ ನಿಂತೆ. ಓರೆಗಣ್ಣಲ್ಲಿ ನೋಡಿದರೆ ಗಂಡನ ಕೈಯಲ್ಲಿ ಕವಣೆ ತಿರುಗುತ್ತಿದೆ! ಚೀರಬೇಕೆಂದರೆ ಗಂಡನ ಹೆಸರು ಹಿಡಿಯುವಂತಿಲ್ಲ, ಹಿರಿಯರ ಮುಂದೆ ದನಿ ತೆಗೆಯುವಂತಿಲ್ಲ. ಸುಡಗಾಡು ಮರ್ಯಾದೆ! ಬಾಯಿಗೆ ಬಂದ ಕೂಗನ್ನು ನುಂಗಿದೆ. ಕಲ್ಲು ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

"ಶಾಬಾಶ್! ಬರೋಬ್ಬರಿ ಬಿತ್ತು ನೋಡು!" ಅಂದ ಹವಾಲ್ದಾರ. ಆಮೇಲೆ ಹತ್ತಿರ ಬಂದು, "ಈಕಿಗಿ ಅಲ್ಲೇ ನಿಂದ್ರಾಕ ಯಾರು ಹೇಳಿದ್ರು?" ಎಂದು ನನ್ನನ್ನೇ ಬೈದ.

ಸಂಜೆಗೆ ನಾಟಿವೈದ್ಯ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿ ಹೋದ. ಎಲ್ಲರೂ ಹೊರಗೆ ಹೋದ ಮೇಲೆ ಗಂಡ ಬಂದು ಬಾಗಿಲ ಹತ್ತಿರ ನಿಂತ. ಅವನು ಏನು ಹೇಳಬೇಕೆಂದು ನಾನೇ ಮನಸ್ಸಿನಲ್ಲಿ ಸಿದ್ಧ ಮಾಡಿಟ್ಟಿದ್ದೆ. ಕಾಣಲಿಲ್ಲ ಎಂದರೆ ಸಾಕು, ಜನ್ಮವಿಡೀ ಆ ಮಾತು ಎತ್ತುವುದಿಲ್ಲ.

"ಖರೆ ಹೇಳ್ರಿ," ಅಂದೆ. "ನಾ ಕಾಣ್ಲಿಲ್ಲೇನು ನಿಮಗ?"

"ಕಂಡಿದ್ದಿ," ಅಂದ. "ಹಸ್ರು ಸೀರಿ ಕಂಡಿತ್ತು, ಬುತ್ತಿನೂ ಕಂಡಿತ್ತು. ಆದ್ರ ಗಾಜಿನ್ಯಾಗಿನ ದುಶ್ಮನ್ ನಿನ್ನ ಮ್ಯಾಲೇ ಬಂದು ನಿಂತಿದ್ದ. ಮಾಮಾ ಹೊಡಿ ಅಂದ್ರು, ಹೊಡ್ದೆ."

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ನಾಳೆ ಮತ್ತ ಹೊಡಿ ಅಂದ್ರ?"

ಇಲ್ಲ ಅನ್ನಲಿಲ್ಲ, ಅಳಲಿಲ್ಲ. ತಲೆ ತಗ್ಗಿಸಿ ನಿಂತು ಯೋಚನೆ ಮಾಡಿದ. ಹೆಂಡತಿ ಕೇಳಿದ ಇಂಥ ಮಾತಿಗೆ ಯೋಚನೆ ಮಾಡಿದ! ಬೆಳಕು ಹರಿಯುತ್ತಲೇ ಒಂದೇ ಕೈಯಲ್ಲಿ ಬಟ್ಟೆ ಗಂಟು ಕಟ್ಟಿದೆ. ಅಂಗಳದಲ್ಲಿ ಹವಾಲ್ದಾರ ಕುಳಿತಿದ್ದ. ಸೆರಗು ಎಳೆದುಕೊಳ್ಳದೆ ಅವನ ಮುಂದೆಯೇ ಹಾದು ಹೊರಬಿದ್ದು, ತಾಂಡೂರಿನ ತವರಿಗೆ ಬಂದೆ.