ಗಂಟಿನ ಮೇಲಿದ್ದ ಸುಟ್ಟ ಪಂಚೆ

ಅಗಸರ ಮುನಿಯಪ್ಪ ನಮ್ಮ ಜಗಲಿಯ ಮೇಲೆ ಬಟ್ಟೆಯ ಗಂಟು ಬಿಚ್ಚಿ, ಎಲ್ಲಕ್ಕಿಂತ ಮೇಲಿದ್ದ ನನ್ನ ಪಂಚೆಯನ್ನು ಎರಡೂ ಕೈಯಲ್ಲಿ ಹರವಿ ತೋರಿಸಿದ. ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲೇ ಸುಟ್ಟಿತ್ತು. ಎರಡನೇ ಮಹಾಯುದ್ಧದ ಕಾಲ, ಹಲಸೂರಿನಲ್ಲಿ ಹೊಸ ಪಂಚೆ ಸಿಗುವುದೇ ಕಷ್ಟವಾಗಿತ್ತು.

"ಸೋಲ್ಜರ್‌ಗಳ ಖಾಕಿ ಬಟ್ಟೆ ಅರ್ಜೆಂಟಿತ್ತು ಸ್ವಾಮಿ. ಆ ಗಡಿಬಿಡೀಲಿ ನಿಮ್ದು ಸುಟ್ಟೋಯ್ತು" ಎಂದ.

ನನ್ನನ್ನು ಬೆರಗುಗೊಳಿಸಿದ್ದು ಆ ತೂತಲ್ಲ, ಅದನ್ನು ಅವನೇ ಮೇಲಿಟ್ಟು ತೋರಿಸಿದ್ದು. ನನ್ನ ಸಿಟ್ಟಿಗೆ ಬೀದಿಯೇ ಹೆದರುತ್ತಿತ್ತು. ಒಮ್ಮೆ ಅಂಗಿಯ ಗುಂಡಿ ಕಿತ್ತುಹೋದದ್ದಕ್ಕೆ ಇಡೀ ಗಂಟನ್ನೇ ಹೊರಗೆ ಎಸೆದಿದ್ದೆ. ಅಂದಿನಿಂದ ಮುನಿಯಪ್ಪ ಹರಿದ, ಸುಟ್ಟ ಬಟ್ಟೆಯನ್ನು ಗಂಟಿನ ತಳದಲ್ಲಿ ಅಡಗಿಸಿಟ್ಟು, ನಾನು ನೋಡುವಷ್ಟರಲ್ಲಿ ಕೆರೆಯ ಕಡೆ ಮಾಯವಾಗುತ್ತಿದ್ದ.

"ಇವತ್ಯಾಕಯ್ಯ ಮೇಲಿಟ್ಟೆ?" ಎಂದೆ.

"ಮುಂಚೆ ಭಯ ಆಗ್ತಿತ್ತು ಸ್ವಾಮಿ. ಈಗೀಗ ನಿಮ್ಹತ್ರ ಹೇಳ್ಬೋದು ಅನ್ಸುತ್ತೆ."

ಬೈಗುಳ ನನ್ನ ಬಾಯಿಗೇ ಬಂದಿರಲಿಲ್ಲ ಎಂಬುದು ಆಗ ಹೊಳೆಯಿತು. ಈ ಸಿಟ್ಟು ಕರಗಲೆಂದೇ ಆರು ವರ್ಷ ದಿನವೂ ಜಪ ಮಾಡಿದ್ದೆ. ಏನೂ ಬದಲಾಗಲಿಲ್ಲವೆಂದು ಬೇಸತ್ತು, ಅದೇ ಬೆಳಿಗ್ಗೆ ಜಪಮಾಲೆಯನ್ನು ಟ್ರಂಕಿಗೆ ಹಾಕಿ ಮುಚ್ಚಿದ್ದೆ.

ಆ ಪಂಚೆಯನ್ನು ಮಡಿಸಿ ಮಣೆಯ ಮೇಲೆ ಹಾಸಿಕೊಂಡು, ಮಾಲೆ ಹೊರತೆಗೆದು ಕೂತೆ. ಮನಸ್ಸು ಎಂದಿನಂತೆ ಹತ್ತು ಕಡೆ ಓಡಿತು. ಓಡಲಿ, ನಾನು ಬದಲಾದೆನೋ ಇಲ್ಲವೋ ಮುನಿಯಪ್ಪ ನೋಡಿಕೊಳ್ಳುತ್ತಾನೆ ಎಂದುಕೊಂಡು ಮುಂದಿನ ಮಣಿ ಹಿಡಿದೆ.