ಪುಷ್ಪಾವತಿ ಬಚ್ಚಿಟ್ಟ ಹಲ್ಲು

ಮನುಷ್ಯರ ಬಾಯಿಯಷ್ಟು ಹೊಲಸು ಜಾಗ ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಪುಷ್ಪಾವತಿ ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಳು. ಅದಕ್ಕೆ ಕಾರಣವೂ ಇತ್ತು. ದೆಹಲಿಯ ಪಕ್ಕದ ನೋಯ್ಡಾದ ಮಾರ್ಕೆಟ್ಟೊಂದರ ಮೊದಲ ಮಹಡಿಯಲ್ಲಿ ಅವಳ ಗಂಡ ಸಂಕಪ್ಪ ನಡೆಸುತ್ತಿದ್ದ ಇಡ್ಲಿ-ದೋಸೆಯ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿಸುವ ಮೇಜು ಅವಳದು. ಆ ಮೇಜಿನ ಮಗ್ಗುಲಿಗೇ ಕೈ ತೊಳೆಯುವ ಬೇಸಿನ್. ತಿಂದು ಎದ್ದವರು ಅಲ್ಲಿಗೆ ಬಂದು ಕ್ಯಾಕರಿಸುತ್ತಿದ್ದರು, ಗಂಟಲಿನ ತನಕ ಬೆರಳು ಹಾಕಿ ನಾಲಿಗೆ ಉಜ್ಜುತ್ತಿದ್ದರು, ಗುಳುಗುಳು ಮಾಡಿ ಉಗಿಯುತ್ತಿದ್ದರು. ಹಲ್ಲುಕಡ್ಡಿಯ ತುದಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಬಾಯಿಗೇ ಹಾಕಿಕೊಳ್ಳುವ ಮಹನೀಯರನ್ನೂ ಅವಳು ಕಂಡಿದ್ದಳು. ಮೆಟ್ಟಿಲಿನ ಮೂಲೆಯಲ್ಲಿ ಗುಟ್ಕಾ ಉಗಿಯಬಾರದೆಂದು ಮಾರ್ಕೆಟ್ಟಿನವರು ದೇವರ ಚಿತ್ರವಿದ್ದ ಟೈಲ್ಸ್ ಅಂಟಿಸಿದ್ದರು. ಜನ ದೇವರನ್ನು ಬಿಟ್ಟು ಒಂದು ಗೇಣು ಪಕ್ಕಕ್ಕೆ ಉಗಿಯುತ್ತಿದ್ದರು.

"ಛೀ ಭಯ್ಯಾ, ಇನ್ಸಾನ್ ಹೋ ಯಾ ಕ್ಯಾ ಹೋ?" ಮನುಷ್ಯರೋ ಇನ್ನೇನೋ ಎಂದು ಅವಳು ಗಿರಾಕಿಗಳನ್ನೇ ಗದರಿಸಿದ್ದುಂಟು. ಸಂಕಪ್ಪ ಅಡಿಗೆಮನೆಯಿಂದ ಓಡಿಬಂದು ಕೈ ಮುಗಿದು ಸಮಾಧಾನ ಮಾಡಬೇಕಾಗುತ್ತಿತ್ತು.

ಪುತ್ತೂರಿನ ಕಡೆಯ ಹುಡುಗಿ, ಮದುವೆಯಾಗಿ ದೆಹಲಿಗೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಕೆಲಸದವರು ಕುಡಿಯುವ ಲೋಟಗಳನ್ನು ಬೇರೆ ಇಡಿಸಿದ್ದಳು. ಯಾರಾದರೂ ಬಾಯಿ ವಾಸನೆಯವರು ಹತ್ತಿರ ಬಂದು ಮಾತಾಡಿದರೆ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಎದುರಿನವರಿಗೆ ಗೊತ್ತಾಗುವ ಹಾಗೆಯೇ. ಅಂಥವಳ ಬಾಯಿಯಲ್ಲೇ, ಬಲಗಡೆ ಕೆಳಗಿನ ದವಡೆಯ ಕೊನೆಯಲ್ಲಿ, ಎರಡು ವರ್ಷದಿಂದ ಒಂದು ಹಲ್ಲು ತೂತಾಗಿ ಕೂತಿತ್ತು. ಊಟವಾದ ಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಯಾರಿಗೂ ಕಾಣದ ಹಾಗೆ, ಅವಳೂ ಕಡ್ಡಿ ಹಾಕಿ ಕೆದಕುತ್ತಿದ್ದಳು.

ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲವೆಂದರೆ, ಮದುವೆಯಾದ ಹೊಸದರಲ್ಲಿ ಹಳೇ ದಿಲ್ಲಿಯ ಫುಟ್‌ಪಾತಿನಲ್ಲಿ ಅವಳು ಒಬ್ಬ ಹಲ್ಲು ಕೀಳುವವನನ್ನು ನೋಡಿದ್ದಳು. ನೆಲಕ್ಕೆ ಹಾಸಿದ ಕೆಂಪು ಬಟ್ಟೆಯ ಮೇಲೆ ಕಿತ್ತ ಹಲ್ಲುಗಳ ರಾಶಿ, ಬೇರಿನಲ್ಲಿ ಒಣಗಿದ ರಕ್ತ ಹಾಗೇ ಇತ್ತು. ಒಬ್ಬನ ಬಾಯಿಂದ ತೆಗೆದ ಇಕ್ಕಳವನ್ನು ಅವನು ಮಗ್ಗಿನ ನೀರಿನಲ್ಲಿ ಅದ್ದಿ ಮುಂದಿನವನ ಬಾಯಿಗೆ ಹಾಕಿದ. ಆ ನೀರಿನ ಬಣ್ಣ ಅವಳಿಗೆ ಮರೆಯಲೇ ಇಲ್ಲ. ಎಸಿ ಹಾಕಿದ ಕ್ಲಿನಿಕ್ಕಿನಲ್ಲೂ ಗಾಜಿನ ಬಾಗಿಲಿನ ಹಿಂದೆ ಅದೇ ಮಗ್ಗು ಇರುತ್ತದೆ ಎಂದೇ ಅವಳ ನಂಬಿಕೆ. ಇನ್ನೊಂದು ಕಾರಣ, ತನ್ನ ಬಾಯೊಳಗಿನ ಹೊಲಸನ್ನು ಪರರಿಗೆ ತೋರಿಸುವುದೆಂದರೆ ಬಟ್ಟೆ ಬಿಚ್ಚಿ ನಿಂತ ಹಾಗೆ.

ಎರಡು ಸಾವಿರದ ಏಳರ ಮೇ ತಿಂಗಳಲ್ಲಿ, ಹೊರಗೆ ಬಿಸಿಗಾಳಿ ಬೀಸುತ್ತಿದ್ದ ದಿನಗಳಲ್ಲಿ, ಆ ಹಲ್ಲು ಎದ್ದು ಕೂತಿತು. ನೋವು ಕಿವಿಗೆ ಹತ್ತಿ, ಅಲ್ಲಿಂದ ನೆತ್ತಿಗೆ ಹೋಯಿತು. ಲವಂಗ ಕಚ್ಚಿಟ್ಟುಕೊಂಡಳು. ಲವಂಗದೆಣ್ಣೆಯ ಹತ್ತಿ ಇಟ್ಟಳು. ಪಕ್ಕದ ಫ್ಲ್ಯಾಟಿನ ಪದ್ಮಾ, "ನೋವಿನ ಮಾತ್ರೇನ ಪುಡಿ ಮಾಡಿ ಒಸಡಿಗೇ ಒತ್ತಿಡಿ, ನಮ್ಮತ್ತೆ ಹಾಗೇ ಮಾಡ್ತಿದ್ರು" ಅಂದಳು. ಹಾಗೆ ಮಾಡಿದ್ದಕ್ಕೆ ಒಸಡು ಸುಟ್ಟು, ಮರುದಿನ ಬೆಳ್ಳಗಿನ ಪೊರೆಯಾಗಿ ಸುಲಿದು ನಾಲಿಗೆಗೆ ಬಂತು. ಪಾತ್ರೆ ತಿಕ್ಕುವ ಹೆಂಗಸು ತನ್ನ ಸೊಂಟದಿಂದ ಹೊಗೆಸೊಪ್ಪಿನ ಪುಡಿಯ ಡಬ್ಬಿ ತೆಗೆದು ಕೊಟ್ಟಳು. ಯಾರ ಯಾರ ಬೆರಳು ಅದರೊಳಗೆ ಹೋಗಿತ್ತೋ! ಪುಷ್ಪಾವತಿ ಕಣ್ಣು ಮುಚ್ಚಿ ಅದನ್ನೂ ತಿಕ್ಕಿಕೊಂಡು, ಹತ್ತು ನಿಮಿಷದಲ್ಲಿ ಬೆಳಗಿನ ತಿಂಡಿಯನ್ನೆಲ್ಲ ವಾಂತಿ ಮಾಡಿದಳು.

"ಡಾಕ್ಟರಿಗೆ ತೋರಿಸುವ ಮಾರಾಯ್ತಿ," ಎಂದ ಸಂಕಪ್ಪ.

"ಕಂಡವರ ಬಾಯಿಗೆ ಹಾಕಿದ್ದನ್ನು ನನ್ನ ಬಾಯಿಗೆ ಹಾಕಿಸ್ಕೊಳ್ಬೇಕಾ? ನೀವು ಸುಮ್ಮನಿರಿ."

ಸಂಕಪ್ಪ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆಗಳನ್ನು ತಂದಿಟ್ಟ. ಅವಳು ಎರಡು ದಿನ ನುಂಗಿ, ಸ್ವಲ್ಪ ಹಗುರವಾದಂತೆನಿಸಿ, ಬಿಟ್ಟಳು.

ಐದನೆಯ ದಿನ ಬೆಳಿಗ್ಗೆ ಎದ್ದಾಗ ನೋವೇ ಇರಲಿಲ್ಲ. ಹಲ್ಲುಜ್ಜುವಾಗ ಒಸಡಿನಲ್ಲಿ ಏನೋ ಒಡೆದು, ಉಪ್ಪುಪ್ಪಾಗಿ, ಕೊಳೆತ ಮೀನಿನಂಥ ರುಚಿಯೊಂದು ಬಾಯಿ ತುಂಬ ಹರಡಿತು. ಉಗಿದು ನೋಡಿದಳು. ಹಳದಿ ಕೀವು, ನಡುವೆ ಕೆಂಪು ಎಳೆ. ಇಪ್ಪತ್ತು ಸಲ ಬಾಯಿ ಮುಕ್ಕಳಿಸಿದಳು. ಬ್ರಷ್ಷನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದಳು. ಹೊಲಸೆಲ್ಲ ಹೊರಗೆ ಬಂತು, ಪೀಡೆ ಕಳೆಯಿತು ಎಂದುಕೊಂಡಳು.

ಪೀಡೆ ಕಳೆದಿರಲಿಲ್ಲ. ನೋವಿಲ್ಲದ ಆ ಹದಿನೈದು ದಿನವೂ ದವಡೆಯ ಮೂಲೆಯಿಂದ ತೊಟ್ಟು ತೊಟ್ಟಾಗಿ ಅದೇ ರುಚಿ ಜಿನುಗುತ್ತಿತ್ತು. ಚಹಾದಲ್ಲಿ ಅದೇ, ಮಜ್ಜಿಗೆಯಲ್ಲಿ ಅದೇ, ತುಳಸಿ ತೀರ್ಥದಲ್ಲೂ ಅದೇ. ಸಾಂಬಾರಿನ ರುಚಿ ನೋಡಲು ಸೌಟು ತಂದರೆ ಅವಳು ಬೇಡವೆಂದು ತಲೆಯಾಡಿಸುತ್ತಿದ್ದಳು. ಏಲಕ್ಕಿ ಅಗಿದರೆ ಏಲಕ್ಕಿಯೂ ಕೀವೂ ಸೇರಿ ಇನ್ನೂ ಅಸಹ್ಯವಾಗುತ್ತಿತ್ತು.

ಒಂದು ಮಧ್ಯಾಹ್ನ ದೋಸೆ ಮಾಸ್ಟರ್ ತಿಪ್ಪೇಸ್ವಾಮಿಗೆ ಹಿಟ್ಟಿನ ವಿಷಯ ಹೇಳುತ್ತಿದ್ದಳು. ದಾವಣಗೆರೆ ಹತ್ತಿರದ ಊರಿನವನು, ಹನ್ನೆರಡು ವರ್ಷದಿಂದ ಅವರಲ್ಲೇ ಇದ್ದವನು, ಅವಳ ಮಾತಿಗೆ ಎಂದೂ ಎದುರಾಡದವನು. ಅವನು "ಆಯ್ತಕ್ಕಾ, ಆಯ್ತಕ್ಕಾ" ಎನ್ನುತ್ತಲೇ ಮುಖವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದ. ಕಾದ ಕಾವಲಿಯ ಕಡೆಗೆ ಮೂಗು ಮಾಡಿ ನಿಂತ. ಪುಷ್ಪಾವತಿ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಆವತ್ತಿನಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತು. ತನ್ನ ಲೋಟವನ್ನೂ ತೆಗೆದು ಬೇರೆ ಇಟ್ಟಳು.

ಆಮೇಲೆ ಬಾವು ಬಂತು. ಕೆನ್ನೆಯಲ್ಲಲ್ಲ, ದವಡೆಯ ಅಡಿಯಲ್ಲಿ, ಗಂಟಲಿನ ಕಡೆಗೆ. ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟಳು. ಬಾವು ಕಲ್ಲಿನಂತಾಯಿತು. ಜ್ವರ ಏರಿತು. ಶುಕ್ರವಾರದ ಹೊತ್ತಿಗೆ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಉಗುಳು ನುಂಗಲೂ ಆಗದೆ, ಅದು ತುಟಿಯ ಸಂದಿಯಿಂದ ಎಳೆ ಎಳೆಯಾಗಿ ಇಳಿಯತೊಡಗಿತು. ಮಡಿಲಲ್ಲಿ ಒಂದು ಸ್ಟೀಲ್ ಬೋಗುಣಿ ಇಟ್ಟುಕೊಂಡು, ಗೋಡೆಗೆ ಒರಗಿ, ಅವಳು ತನ್ನ ಜೊಲ್ಲು ತಾನೇ ನೋಡುತ್ತಾ ಕೂತಿದ್ದಳು. ಆ ವಾಸನೆಗೆ ನೊಣಗಳು ಬಂದವು.

ಆ ಹೊತ್ತಿಗೆ ಗ್ರೇಟರ್ ನೋಯ್ಡಾದ ಕಾಲೇಜಿನ ಹಾಸ್ಟೆಲಿನಿಂದ ಮಗಳು ಪ್ರಜ್ಞಾ ಬಂದಳು. ಬಾಗಿಲಲ್ಲೇ ಅವಳಿಗೆ ವಾಸನೆ ಬಡಿಯಿತು.

"ಅಮ್ಮಾ! ಯೇ ಕ್ಯಾ ಹಾಲ್ ಬನಾ ರಖಾ ಹೈ? ಏನಿದು ಅವಸ್ಥೆ?"

ಪುಷ್ಪಾವತಿ ಬೋಗುಣಿಯನ್ನು ಸೆರಗಿನಿಂದ ಮುಚ್ಚಲು ನೋಡಿದಳು. ಏನೋ ಹೇಳಿದಳು. ಬಾವಿನಿಂದ ನಾಲಿಗೆ ಮೇಲಕ್ಕೆದ್ದು ಮಾತು ಬಿಸಿ ಗೆಣಸು ಬಾಯಲ್ಲಿಟ್ಟ ಹಾಗೆ ಬಂತು. ಸಂಕಪ್ಪ ಇನ್ನೊಂದು ಮಾತ್ರೆಯ ಚೀಟಿ ಹಿಡಿದು ಒಳಗೆ ಬಂದ.

"ಪಪ್ಪಾ, ಆಪ್ ಲೋಗ್ ಪಾಗಲ್ ಹೋ? ಅಮ್ಮಂಗೆ ಥೂಕ್ ನುಂಗೋಕೆ ಆಗ್ತಿಲ್ಲ, ನೀವು ಗೋಲಿ ಕೊಡ್ತೀರಾ? ಗಾಡಿ ತೆಗೀರಿ!"

ತರಕಾರಿ ತರುವ ವ್ಯಾನಿನಲ್ಲಿ, ಈರುಳ್ಳಿ ಸಿಪ್ಪೆಯ ನಡುವೆ, ಅವಳನ್ನು ಕೂರಿಸಿಕೊಂಡು ಎರಡು ಸೆಕ್ಟರ್ ಆಚೆಯ ಹಲ್ಲಿನ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ಅದಿತಿ ಮೂವತ್ತರೊಳಗಿನವಳು, ದಿಲ್ಲಿಯ ಪಂಜಾಬಿ ಹುಡುಗಿ. ಅಪ್ಪ ಮಗಳ ಮಾತು ಕೇಳಿಸಿಕೊಂಡವಳೇ ಕನ್ನಡಕ್ಕೆ ತಿರುಗಿದಳು. ದಾವಣಗೆರೆಯಲ್ಲಿ ಐದು ವರ್ಷ ಓದಿದ್ದಳಂತೆ.

"ಅಮ್ಮಾ, ಬಾಯಿ ತೆಗೀರಿ. ಎಷ್ಟಾಗ್ತೈತೋ ಅಷ್ಟು."

ಪುಷ್ಪಾವತಿ ತುಟಿ ಬಿಗಿದಳು. ಡಾಕ್ಟರು ಕವರು ಹರಿದು ಹೊಸ ಗ್ಲೌಸ್ ಹಾಕಿಕೊಂಡು, ಬಾಯಿಯ ಗೊಡವೆಗೆ ಹೋಗದೆ ದವಡೆಯ ಅಡಿಯನ್ನಷ್ಟೇ ಒತ್ತಿ ನೋಡಿದಳು. ಉಗುಳು ಎಂದಿನಿಂದ ನುಂಗಲಾಗುತ್ತಿಲ್ಲ? ಮಲಗಿದರೆ ಉಸಿರು ಕಟ್ಟುತ್ತದೆಯೇ? ನಾಲಿಗೆ ಹೊರಗೆ ಬರುತ್ತದೆಯೇ? ಬರಲಿಲ್ಲ. ಅರ್ಧ ನಿಮಿಷದ ನೋಟ, ಅಷ್ಟೇ.

"ಇದು ನನ್ನ ಕುರ್ಚೀಲಿ ಆಗೋ ಕೆಲಸ ಅಲ್ಲ. ಕೀವು ಗಂಟಲ ಕಡೆ ಇಳೀತೈತೆ. ಉಸಿರಿನ ದಾರಿ ಮುಚ್ಚಿದರೆ ಮುಗೀತು. ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಡೀರಿ, ನಾನೂ ಬರ್ತೀನಿ." ಕಾದಿದ್ದ ಇಬ್ಬರಿಗೆ ಸಾರಿ ಹೇಳಿ, ಆಸ್ಪತ್ರೆಗೆ ಫೋನು ಮಾಡುತ್ತಲೇ ಅವಳು ವ್ಯಾನು ಹತ್ತಿದಳು. ಪುಷ್ಪಾವತಿ ಮಲಗಲು ಹೋದರೆ, "ಮಲಗಬ್ಯಾಡ್ರಿ, ಮುಂದಕ್ಕೆ ಬಾಗಿ ಕೂತ್ಕೊಳ್ರಿ" ಎಂದು ಭುಜ ಹಿಡಿದು ಕೂರಿಸಿದಳು.

ಆಸ್ಪತ್ರೆಯಲ್ಲಿ ದವಡೆಯ ಅಡಿಯಲ್ಲಿ ಕೊಯ್ದು ಕೀವು ತೆಗೆದರು, ಹಲ್ಲನ್ನೂ ಕಿತ್ತರು. ಕೊಯ್ದ ಜಾಗದಲ್ಲಿ ಒಂದು ರಬ್ಬರಿನ ನಳಿಕೆ ಬಿಟ್ಟಿದ್ದರು. ಮರುದಿನ ಪಟ್ಟಿ ಬದಲಿಸುವಾಗ ನರ್ಸು ಒತ್ತಿದ ಕೂಡಲೇ ಬೂದು ಬಣ್ಣದ ಗಟ್ಟಿ ಕೀವು ಟ್ರೇಗೆ ಸುರಿಯಿತು. ಮಂಚದ ಆಚೆ ನಿಂತಿದ್ದ ವಾರ್ಡ್ ಬಾಯ್ "ಹೇ ಭಗವಾನ್" ಎಂದು ಮೂಗು ಮುಚ್ಚಿ ಹೊರಗೆ ಹೋದ. ಪುಷ್ಪಾವತಿ ಟ್ರೇಯನ್ನೇ ನೋಡುತ್ತಿದ್ದಳು. ಹೋಟೆಲಿನ ಬೇಸಿನ್ನಿನಲ್ಲಿ ಯಾರೂ, ಎಂದೂ, ಇಂಥದ್ದನ್ನು ಉಗಿದಿರಲಿಲ್ಲ. ಬೇರೆಯವರ ಹೊಲಸಾದರೆ ಎದ್ದು ಹೋಗಬಹುದು. ಇದನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಸಂಜೆ ನೋಡಲು ಬಂದ ಅದಿತಿಗೆ ಅವಳು ಕೇಳಿದ ಮೊದಲ ಪ್ರಶ್ನೆ, "ನೋವು ಹೋಗಿತ್ತಲ್ಲ ಡಾಕ್ಟ್ರೇ? ಹದಿನೈದು ದಿನ ಏನೂ ಇರಲಿಲ್ಲ."

"ನೋವು ಹೋತು ಅಂದ್ರೆ ವಾಸಿ ಆತು ಅಂತಲ್ರೀ. ಒಳಗಿನ ನರ ಸತ್ತಿತ್ತು. ಸತ್ತಿದ್ದಕ್ಕೆ ನೋವೆಲ್ಲಿ ಬರ್ತೈತೆ? ಆವಾಗ ಬಂದಿದ್ರೆ ಕುರ್ಚೀಲಿ ಒಂದು ತಾಸಿನ ಕೆಲಸ."

ಪುಷ್ಪಾವತಿ ಹೊದಿಕೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದಳು. "ನಿಮಗೆ ಹೇಸಿಗೆ ಆಗಲಿಲ್ವಾ, ನನ್ನ ಬಾಯಿ ವಾಸನೆ?"

"ಆತು," ಎಂದಳು ಡಾಕ್ಟರು, ಸುಳ್ಳು ಹೇಳದೆ. "ಆದ್ರೆ ಹೇಸಿಗೆ ಮಾಡ್ಕೊಂಡು ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ?"

ಆರು ದಿನಕ್ಕೆ ಮನೆಗೆ ಬಂದಳು. ಗದ್ದದ ಅಡಿಯಲ್ಲಿ ಭತ್ತದ ಕಾಳಿನಷ್ಟು ಕಲೆ ಉಳಿಯಿತು. ಅವಳ ಹೇಸಿಗೆಯೇನೂ ಕಡಿಮೆಯಾಗಲಿಲ್ಲ. ಗಿರಾಕಿಗಳನ್ನು ಗದರಿಸುವುದೂ ನಿಲ್ಲಲಿಲ್ಲ. ಆದರೆ ತಿಂಗಳಿಗೊಮ್ಮೆ ಹೋಟೆಲಿನ ಕೆಲಸದವರನ್ನೆಲ್ಲ ಕಿಟಕಿಯ ಬಳಿ ಸಾಲಾಗಿ ನಿಲ್ಲಿಸಿ, "ಆ ಮಾಡಿ" ಎಂದು ಟಾರ್ಚು ಹಿಡಿದು ಬಾಯೊಳಗೆ ನೋಡುವ ಪದ್ಧತಿ ಶುರುವಾಯಿತು. ನೋಡುವಾಗ ಮುಖ ಹಿಂಡಿಕೊಳ್ಳುತ್ತಿದ್ದಳು, "ಥೂ, ಎಂತ ಕೊಳಕು ಮಾರಾಯಾ!" ಎಂದು ಬೈಯುತ್ತಿದ್ದಳು, ಆದರೂ ಕೊನೆಯ ಹಲ್ಲಿನ ತನಕ ನೋಡುತ್ತಿದ್ದಳು.

ದೀಪಾವಳಿಯ ಮುಂಚೆ ತಿಪ್ಪೇಸ್ವಾಮಿಯ ಒಸಡಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆ ಸಿಕ್ಕಿತು.

"ನೋವೇನಿಲ್ಲ ಅಕ್ಕಾ. ಮುಂಚೆ ಇತ್ತು, ಈಗ ಹೋಗ್ಯತೆ."

"ಏಪ್ರನ್ ಬಿಚ್ಚು," ಎಂದಳು ಪುಷ್ಪಾವತಿ. "ದೋಸೆ ಇವತ್ತು ನಿಮ್ಮ ಸಾಹುಕಾರ್ರು ಹುಯ್ತಾರೆ."

ಸೈಕಲ್ ರಿಕ್ಷಾದಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದಳು. ಅದಿತಿ ಹಲ್ಲು ಕೊರೆದು ತೆರೆದಾಗ ಕೋಣೆಯೆಲ್ಲ ಅದೇ ಪರಿಚಿತ ನಾತ. "ನೀವು ಹೊರಗೆ ಕೂತ್ಕೋಬಹುದು ಅಮ್ಮಾ" ಎಂದಳು ಡಾಕ್ಟರು. ಪುಷ್ಪಾವತಿಗೆ ಓಕರಿಕೆ ಬಂತು. ನುಂಗಿಕೊಂಡು, ಮಾಸ್ಟರನ ಬೆವೆತ ಕೈಯನ್ನು ಒತ್ತಿ ಹಿಡಿದು, ಅಲ್ಲೇ ನಿಂತಳು. ಮೂರು ಸಲ ಹೋಗಬೇಕಾಯಿತು, ಮೂರು ಸಲವೂ ನಿಂತಳು. ಅವನ ಹಲ್ಲು ಉಳಿಯಿತು.