ಮಲತಾಯಿಯ ಕೆಲಸ

ಮೆಹ್ವಿಶ್ ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಾಳೆ, ಬಂದವಳೇ ಫ್ಯಾನ್ ಹಾಕುತ್ತಾಳೆ, ಆಮೇಲೆ ಮಾತು. ಈಗ ಅವಳು ಡಾಕ್ಟರ್ ಮೆಹ್ವಿಶ್. ಆ ಪದವಿ ಬಂದದ್ದು ಕಾರ್ಟೂನ್ ನೋಡಿ ಎಂದರೆ ವಿದ್ಯಾರ್ಥಿಗಳು ಇವತ್ತಿಗೂ ನಂಬುವುದಿಲ್ಲ.

ಪಿಎಚ್.ಡಿ.ಗೆ ಅವಳು ಆರಿಸಿಕೊಂಡ ವಿಷಯ, ಅನಿಮೇಷನ್ ಕಿನ್ನರಕಥೆಗಳಲ್ಲಿ ಯಾವ ಪಾತ್ರ ಯಾವ ಕೆಲಸ ಮಾಡುತ್ತದೆ ಎನ್ನುವುದು. ಅವಳ ತಂದೆ ಸಾದಿಕ್ ಪಾಷಾ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವವರು. ಗೂಡಿನ ಮಾರುಕಟ್ಟೆಯಲ್ಲಿ ನಲ್ಲಪ್ಪ ಎಂಬ ರೈತರು ಒಮ್ಮೆ ಕೇಳಿದರಂತೆ.

"ಮಗಳು ಏನು ಓದ್ತಾವ್ಳೆ ಸಾಬ್ರೇ?"

"ಬೊಂಬೆ ಪಿಚ್ಚರು."

"ಅದುನ್ನೂ ಓದ್ತಾರಾ?"

"ನೋಡೋದು ಎಲ್ರೂ ನೋಡ್ತಾರೆ ನಲ್ಲಪ್ಪ. ಇವ್ಳು ನೋಡಿ ಬರೀತಾಳೆ."

ಬರೆಯುವುದಕ್ಕೆ ಅವಳು ಹಿಡಿದ ದಾರಿ ಹಳೆಯದೇ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಒಬ್ಬ ವಿದ್ವಾಂಸ ತನ್ನ ದೇಶದ ಜನಪದ ಕಥೆಗಳನ್ನೆಲ್ಲ ಬಿಡಿಸಿ ನೋಡಿ, ಪಾತ್ರಗಳು ಎಷ್ಟೇ ಇರಲಿ, ಅವು ಮಾಡುವ ಕೆಲಸ ಏಳೇ ಎಂದಿದ್ದ. ಕೇಡು ಮಾಡುವ ಖಳ, ಮಾಯದ ವಸ್ತು ಕೊಡುವ ದಾನಿ, ಜೊತೆಗಿರುವ ಸಹಾಯಕ, ಎಲ್ಲರೂ ಹುಡುಕುವ ರಾಜಕುಮಾರಿ, ಹೊರಡು ಎಂದು ಕಳಿಸುವವನು, ಹೊರಡುವ ನಾಯಕ, ಕೊನೆಗೆ ನಾನೇ ನಾಯಕ ಎಂದು ಬಂದು ನಿಲ್ಲುವ ಸುಳ್ಳುಗಾರ. ಪಾತ್ರ ಮನುಷ್ಯನೋ ಕುದುರೆಯೋ ಮುಖ್ಯವಲ್ಲ, ಮಾಡುವ ಕೆಲಸ ಮುಖ್ಯ. ಮೆಹ್ವಿಶ್ ಇದನ್ನು ಹಿಡಿದು ಚಿತ್ರದ ಮೇಲೆ ಚಿತ್ರ ನೋಡಿದಳು, ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಅಂಟಿಸಿದಳು. ಮಲತಾಯಿ ಬಂದ ಕಡೆಯೆಲ್ಲ ಒಂದೇ ಪದ ಬರೆದಳು: ಖಳ. ಯೋಚನೆ ಮಾಡುವಂಥದ್ದು ಅಲ್ಲೇನೂ ಇದ್ದಂತೆ ಅವಳಿಗೆ ಕಾಣಲಿಲ್ಲ.

ಮಾರ್ಗದರ್ಶಕರಾದ ಪ್ರೊಫೆಸರ್ ನರಸಿಂಹಪ್ಪ ಕರಡು ಓದಿ ಹೇಳಿದರು, "ಎಲ್ಲ ಸರಿ ಇದೆಯಮ್ಮ. ಆದ್ರೆ ಪಿಚ್ಚರ್ ನೋಡೋ ಜನ ಎಲ್ಲಿ? ಹೋಗಿ ತೋರಿಸು, ಏನಂತಾರೆ ಕೇಳ್ಕೊಂಡ್ ಬಾ."

ಹಾಗಾಗಿ ಒಂದು ಭಾನುವಾರ ಮನೆಯ ಮಹಡಿಯ ಹಾಲಿನಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಬೀದಿಯ ಮಕ್ಕಳನ್ನೂ ಹೆಂಗಸರನ್ನೂ ಕರೆದಳು. ತಾಯಿ ಇಲ್ಲದ ಹುಡುಗಿ, ಅವಳನ್ನು ಕಾಡಿಗೆ ಅಟ್ಟುವ ಮಲತಾಯಿ, ಕೊನೆಗೆ ಬರುವ ರಾಜಕುಮಾರ, ಇಷ್ಟೇ ಕಥೆ. ಮೆಹ್ವಿಶಳ ಅಮ್ಮಿ ಖತೀಜಾ ಬೀ ಎಲ್ಲರಿಗೂ ಬಿಸಿ ಬೋಂಡ, ಟೀ ಕೊಟ್ಟು ಹಿಂದೆ ಕೂತರು. ಪರದೆಯ ಮೇಲೆ ಮಲತಾಯಿ ಬಂದಾಗಲೆಲ್ಲ ಮಕ್ಕಳು ಹೋ ಎಂದು ಕೂಗಿದರು.

ಚಿತ್ರ ಮುಗಿಯಿತು. ಪಕ್ಕದ ಮನೆಯ ಪುಟ್ಟ ಆರ್ಜೂ ಎದ್ದು ನಿಂತು ಕೇಳಿದಳು, "ಮೆಹ್ವಿಶಕ್ಕ, ನಿಮ್ಮಮ್ಮೀನೂ ಮಲತಾಯೀನೇ ಅಲ್ವಾ?"

ಅದು ನಿಜವೇ. ಹೆತ್ತ ತಾಯಿ ತೀರಿಕೊಂಡಾಗ ಮೆಹ್ವಿಶ್ ಕೈಗೂಸು. ಅವಳಿಗೆ ಐದು ವರ್ಷವಾದಾಗ ಖತೀಜಾ ಬೀ ಚಿಂತಾಮಣಿಯಿಂದ ಮದುವೆಯಾಗಿ ಈ ಮನೆಗೆ ಬಂದಿದ್ದರು. ಅದು ಬೀದಿಗೆಲ್ಲ ಗೊತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ ಅಷ್ಟೆ.

ಖತೀಜಾ ಬೀಯೇ ಮೊದಲು ಬಾಯಿ ತೆರೆದರು. "ಹೌದು ಕಣಮ್ಮ. ಆದ್ರೆ ಅವ್ಳ ಥರ ಗೌನು ನಂಗೆ ಯಾರೂ ಹೊಲಿಸ್ಕೊಡ್ಲಿಲ್ಲ ನೋಡು!"

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಟೀ ಲೋಟಗಳನ್ನು ಎತ್ತಿಕೊಂಡು ಕೆಳಗೆ ಹೋದವರು ಮತ್ತೆ ಮೇಲೆ ಬರಲಿಲ್ಲ.

ಜನ ಹೋದ ಮೇಲೆ ಮೆಹ್ವಿಶ್ ಅಡುಗೆಮನೆಗೆ ಇಳಿದಳು. ಅವರ ಮನೆಮಾತು ಉರ್ದು. ಅವಳು ನನಗೆ ಹೇಳಿದ್ದನ್ನು ಕನ್ನಡದಲ್ಲೇ ಹೇಳುತ್ತೇನೆ.

"ನೀನು ಬರೆಯೋದ್ರಲ್ಲೂ ಅವಳು ಖಳಾನೇನಾ?" ಎಂದರು ಅಮ್ಮಿ, ಲೋಟ ತೊಳೆಯುತ್ತಾ.

"ಸಿನಿಮಾದಲ್ಲಿ ಹಾಗಿದೆ ಅಮ್ಮಿ. ನಾನೇನು ಮಾಡ್ಲಿ?"

"ನೀನೇನೂ ಮಾಡ್ಬೇಡ. ನಾನು ಬಂದಾಗ ನಿಂಗೆ ನಿನ್ನ ಸೋದರತ್ತೆ ಇಂಥದ್ದೇ ಕಥೆ ಹೇಳಿದ್ರು. ಮಲತಾಯಿ ಅನ್ನಕ್ಕೆ ವಿಷ ಹಾಕ್ತಾಳೆ ಅಂತ. ನೀನು ನನ್ನ ಕೈಯಿಂದ ಒಂದಗುಳು ಮುಟ್ತಿರ್ಲಿಲ್ಲ. ಆಮೇಲೆ ನಾನು ನಿನ್ನ ತಟ್ಟೆಯಿಂದ ಮೊದಲ ತುತ್ತು ತಿನ್ನೋದು ಶುರು ಮಾಡ್ದೆ. ನಾನು ಸಾಯ್ಲಿಲ್ಲ ಅಂತ ನೋಡ್ಕೊಂಡು ನೀನು ತಿಂತಿದ್ದೆ."

ಅಮ್ಮಿ ಈಗಲೂ ಮೆಹ್ವಿಶಳ ತಟ್ಟೆಯಿಂದ ಮೊದಲ ತುತ್ತು ತೆಗೆಯುತ್ತಾರೆ. ಅದು ಮುದ್ದಿಗೆ ಮಾಡುವುದು, ಎಲ್ಲರ ಮನೆಯಲ್ಲೂ ಇರುವುದು ಎಂದುಕೊಂಡೇ ಅವಳು ಬೆಳೆದಿದ್ದಳು.

ಆ ವಾರ ಅವಳು ಗೋಡೆಯ ಪಟ್ಟಿಯನ್ನು ಕಿತ್ತು, ಎಲ್ಲ ಚಿತ್ರಗಳನ್ನೂ ಮೊದಲಿನಿಂದ ನೋಡಿದಳು. ಮಲತಾಯಿ ಕೇಡು ಮಾಡುತ್ತಾಳೆ, ಸರಿ. ಆದರೆ ಹುಡುಗಿಯನ್ನು ಮನೆಯಿಂದ ಹೊರಡಿಸುವವಳೂ ಅವಳೇ. ಅವಳು ಅಟ್ಟದಿದ್ದರೆ ಹುಡುಗಿ ಒಲೆಯ ಮುಂದೆಯೇ ಇರುತ್ತಿದ್ದಳು, ಕಥೆಯೇ ಇರುತ್ತಿರಲಿಲ್ಲ. ಒಂದೇ ಪಾತ್ರ ಎರಡು ಕೆಲಸ ಮಾಡಬಹುದು ಎಂದು ಆ ರಷ್ಯಾದವನೇ ಹೇಳಿದ್ದ. ಅವಳು ಓದಿಯೂ ಇದ್ದಳು, ಮಲತಾಯಿಯ ವಿಷಯಕ್ಕೆ ಮಾತ್ರ ಅದು ನೆನಪಾಗಿರಲಿಲ್ಲ. ಮನೆಯೊಳಗೆ ಹೊಸದಾಗಿ ಬಂದ ಹೆಂಗಸಿಗೆ ಇಂಥ ಕಥೆಗಳು ಏನು ಮಾಡುತ್ತವೆ ಎಂದು ಒಂದು ಹೊಸ ಅಧ್ಯಾಯ ಬರೆದಳು.

ನರಸಿಂಹಪ್ಪ ಕನ್ನಡಕ ತೆಗೆದರು. "ಇದು ಸಂಶೋಧನೇನಾ, ಇಲ್ಲ ಅಮ್ಮನ ಮೇಲಿನ ಪ್ರೀತೀನಾ?"

"ಎರಡೂ ಸರ್."

"ಎರಡೂ ಆದ್ರೆ ಒಂದು ಮನೆ ಸಾಲಲ್ಲ. ಇನ್ನೂ ನಾಲ್ಕೂರು ಸುತ್ತು."

ಸುತ್ತಿದಳು. ಪ್ರೊಜೆಕ್ಟರ್ ಚೀಲ ಹಿಡಿದುಕೊಂಡು ಅಮ್ಮಿಯೂ ಹೊರಟರು. ಚಿಂತಾಮಣಿಯಲ್ಲಿ ಅಮ್ಮಿಯ ತವರಿನವರೇ ತುಂಬಿ, ಚಿತ್ರಕ್ಕಿಂತ ಊಟವೇ ಹೆಚ್ಚಾಯಿತು. ಗೌರಿಬಿದನೂರಿನಲ್ಲಿ ಸ್ವಸಹಾಯ ಸಂಘದ ಹೆಂಗಸರು ಸೇರಿದ್ದರು. ಮೆಹ್ವಿಶ್ ತನ್ನ ವಾದವನ್ನು ಉತ್ಸಾಹದಿಂದ ಹೇಳಿ ಮುಗಿಸುವಷ್ಟರಲ್ಲಿ ಗಂಗುಲಮ್ಮ ಎಂಬಾಕೆ ಕೈ ಎತ್ತಿದರು.

"ನೋಡಮ್ಮ, ನಮ್ಮ ಮಲತಾಯಿ ಆ ಪಿಚ್ಚರಿನವಳ್ಗಿಂತ ಕೆಟ್ಟೋಳು. ನನ್ನ ಹೊರಡಿಸ್ಲೂ ಇಲ್ಲ, ಇಸ್ಕೂಲಿಗೆ ಕಳಿಸ್ಲೂ ಇಲ್ಲ. ಒಲೆ ಮುಂದೇನೇ ಕೂರಿಸಿದ್ಳು. ಬರ್ಕೊ."

ಮೆಹ್ವಿಶ್ ಪೆನ್ನು ಹಿಡಿದು ಅಮ್ಮಿಯ ಕಡೆ ನೋಡಿದಳು.

"ನನ್ನೇನು ನೋಡ್ತೀಯ? ಅವ್ರು ಹೇಳಿದ್ದನ್ನೂ ಬರಿ," ಎಂದರು ಅಮ್ಮಿ. ಆಮೇಲೆ ಗಂಗುಲಮ್ಮನ ಪಕ್ಕ ಹೋಗಿ ಕೂತವರು ಬಸ್ಸಿನ ಹೊತ್ತಾಗುವವರೆಗೂ ಏಳಲಿಲ್ಲ. ಏನು ಮಾತಾಡಿದಿರಿ ಎಂದು ಮೆಹ್ವಿಶ್ ಕೇಳಿದರೆ "ನಿನ್ನ ಥೀಸಿಸ್‌ಗೆ ಬೇಡದ್ದು" ಎಂದರು. ಗಂಗುಲಮ್ಮನ ಮಾತು ಪ್ರಬಂಧದಲ್ಲಿ ಹಾಗೆಯೇ ಸೇರಿತು. ಅದರಿಂದ ಅಧ್ಯಾಯ ಸ್ವಲ್ಪ ವಕ್ರವಾಯಿತು, ಗಟ್ಟಿಯೂ ಆಯಿತು.

ವೈವಾ ದಿನ ನಾನೂ ಹೋಗಿದ್ದೆ. ಸಾದಿಕ್ ಪಾಷಾ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ, ಖತೀಜಾ ಬೀ ಮುಂದಿನ ಸಾಲಿನಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಚೆನ್ನಾಗಿಯೇ ಅರೆದರು, ಮೆಹ್ವಿಶ್ ನೀರು ಕುಡಿದು ಕುಡಿದು ಉತ್ತರ ಕೊಟ್ಟಳು. ಕೊನೆಗೆ ಪದ್ಧತಿಯಂತೆ, "ಸಭಿಕರು ಯಾರಾದ್ರೂ ಪ್ರಶ್ನೆ ಕೇಳಬಹುದು" ಎಂದರು. ಅದು ಬಾಯಿಮಾತಿಗೆ ಹೇಳುವುದು, ಯಾರೂ ಕೇಳುವುದಿಲ್ಲ. ಖತೀಜಾ ಬೀ ಕೈ ಎತ್ತಿದರು. ಸಾದಿಕ್ ಪಾಷಾ ಆ ಕೈಯನ್ನು ಕೆಳಗೆ ಎಳೆದರು. ಅವರು ಇನ್ನೊಂದು ಕೈ ಎತ್ತಿದರು.

"ಕೇಳಿ ಅಮ್ಮ," ಎಂದರು ಪರೀಕ್ಷಕರು.

"ಹುಡುಗಿ ಕಷ್ಟ ಪಡ್ತಾಳೆ, ಮಲತಾಯಿ ಎರಡೆರಡು ಕೆಲಸ ಮಾಡ್ತಾಳೆ. ಆ ರಾಜಕುಮಾರ ಏನು ಮಾಡ್ತಾನೆ?"

ಮೆಹ್ವಿಶ್ ನೀರಿನ ಲೋಟ ಕೆಳಗಿಟ್ಟಳು. "ಕೊನೇಲಿ ಬಂದು ಮದುವೆ ಆಗ್ತಾನೆ ಅಮ್ಮಿ. ಅಷ್ಟೇ."

ಮೊದಲು ಜೋರಾಗಿ ನಕ್ಕವರು ನರಸಿಂಹಪ್ಪ. ಪರೀಕ್ಷಕರು ನಗುತ್ತಲೇ ಸಹಿ ಹಾಕಿದರು. ಖತೀಜಾ ಬೀ ಮಾತ್ರ ನಗಲಿಲ್ಲ. ಉತ್ತರ ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು.